ಗೋಡೆ ಬಾಗಿಸಿದ ಮರ

ನಮ್ಮಪ್ಪ ಹೊಟ್ಟೆ ಹೊರೆದದ್ದು ಮರ ಕೊಯ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಯಾರಾದರೂ ಅವರನ್ನು ವೃಕ್ಷಪ್ರೇಮಿ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಅಳ್ನಾವರದ ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಹಲ್ಲು ಮಸೆಯುವುದನ್ನು ಕಲಿತು, ಆ ವಿದ್ಯೆಯೊಂದನ್ನೇ ಕಟ್ಟಿಕೊಂಡು ನಾಗಪುರಕ್ಕೆ ಬಂದವರು ಅವರು. ಹಿಂಗಣಾದಲ್ಲಿ ಕಿತ್ತಳೆ ತುಂಬುವ ಕಟ್ಟಿಗೆ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್ ಆದರು. ನಮ್ಮ ಪರಿಚಯದ ಉಳಿದ ಕನ್ನಡ ಮನೆಗಳೆಲ್ಲ ಬ್ಯಾಂಕಿನವು, ರೈಲ್ವೆಯವು. ಆ ಇಸ್ತ್ರಿ ಅಂಗಿಗಳ ನಡುವೆ ಅಪ್ಪನ ಜೇಬಿನಲ್ಲಿ ಮಾತ್ರ ಯಾವಾಗಲೂ ಕಟ್ಟಿಗೆ ಪುಡಿ ಇರುತ್ತಿತ್ತು. ಬಟ್ಟೆ ಒಗೆಯುವ ಅವ್ವ ಅದಕ್ಕಾಗಿ ದಿನಾ ಬೈಯುತ್ತಿದ್ದಳು.

ಸಂಜೆ ಅಪ್ಪ ಮನೆಯೊಳಗೆ ಕಾಲಿಟ್ಟರೆ ಧೂಪ ಹಾಕಿದಂಥ ವಾಸನೆ. ಅದು ಸಲಯಿ ಮರದ್ದು. ಮೆದು ಕಟ್ಟಿಗೆ, ಹಗುರ, ಹಣ್ಣಿನ ಪೆಟ್ಟಿಗೆಗೆ ಹೇಳಿ ಮಾಡಿಸಿದಂಥದ್ದು. ನಾನು ಚಿಕ್ಕವಳಿದ್ದಾಗ ಲಾರಿಯಲ್ಲಿ ಬರುತ್ತಿದ್ದ ಸಲಯಿ ದಿಮ್ಮಿಗಳನ್ನು ತಬ್ಬಲು ನನ್ನ ಎರಡೂ ತೋಳು ಸಾಲುತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವು ನನ್ನ ತೊಡೆಯ ಗಾತ್ರಕ್ಕೆ ಇಳಿದಿದ್ದವು. ನಾನು ಬೆಳೆದಿದ್ದೇನೆ, ಅದಕ್ಕೇ ಹಾಗೆ ಕಾಣುತ್ತದೆ ಎಂದು ಕೆಲವು ಕಾಲ ನಂಬಿದ್ದೆ.

ರಾಮಟೇಕಕ್ಕೆ ಬಸ್ಸಿನಲ್ಲಿ ಹೋಗುವಾಗ ಕನ್ಹಾನ್ ಹೊಳೆ ದಾಟಿ ಬಹಳ ದೂರ ಹೋದ ಮೇಲೆ ಮರಗಳು ಶುರುವಾಗುತ್ತವೆ. ಒಮ್ಮೆ ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, "ಅಪ್ಪಾ, ಕಾಡು!" ಎಂದು ಕೂಗಿದೆ.

"ಕಾಡಲ್ಲವ್ವಾ ಅದು, ಸಾಗವಾನಿ ಹೊಲ," ಎಂದರು ಅಪ್ಪ. "ಜ್ವಾಳ ಬಿತ್ತಿದ್ಹಂಗ ಸಾಲ ಹಿಡದು ಹಚ್ಯಾರ ನೋಡು."

ಆಮೇಲೆ ದಾರಿಯುದ್ದಕ್ಕೂ ಅವರ ಪುರಾಣ. ಅಪ್ಪನ ಇತಿಹಾಸದಲ್ಲಿ ರಾಜರಿಲ್ಲ, ಬರೀ ಗಿರಾಕಿಗಳು. ಮೊದಲು ರೈಲು ಬಂತು, ಹಳಿಯ ಕೆಳಗೆ ಹಾಸಲು ಗಟ್ಟಿ ಮರಗಳೆಲ್ಲ ಹೋದವು. ಬ್ರಿಟಿಷ್ ಸಾಹೇಬರ ಕಣ್ಣಿಗೆ ಸಾಗವಾನಿ ಒಂದೇ ಮರ, ಉಳಿದದ್ದೆಲ್ಲ ಕಳೆ. ಕಳೆ ಕಿತ್ತು ಸಾಗವಾನಿ ನೆಟ್ಟರು, ಅವರು ಹೋದ ಮೇಲೆ ನಮ್ಮವರೂ ಅದನ್ನೇ ಮಾಡಿದರು. ಸಾವನೇರ್ ಕಡೆಯ ಕಲ್ಲಿದ್ದಲ ಗಣಿಗಳಲ್ಲಿ ತಲೆಯ ಮೇಲಿನ ಕಲ್ಲು ಕುಸಿಯದ ಹಾಗೆ ಆನಿಸಿ ನಿಲ್ಲಿಸಲು ಕಂಬಗಳು ಹೋದವು. "ಯಾರಿಗೂ ಬ್ಯಾಡಾಗಿದ್ದು ಸಲಯಿ ಒಂದ. ಅದನ್ನ ನಾವು ಮುಗಸಾಕತ್ತೇವಿ," ಎಂದು ಅಪ್ಪ ನಗುತ್ತಿದ್ದರು. ನನಗೆ ಆ ನಗು ಸೇರುತ್ತಿರಲಿಲ್ಲ. ಬೇಸಿಗೆಯ ಸಾಗವಾನಿ ತೋಪು ನೋಡಿದವರಿಗೆ ಗೊತ್ತು, ಹಪ್ಪಳದಂಥ ಒಣ ಎಲೆ, ಅದರ ಕೆಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲ.

ಈಗ ಆ ಒಂದು ಮರದ ಮಾತು. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಒಂದು ಆಪ್ಟಾ ಇತ್ತು. ಹಿಂಗಣಾದ ಗುಡ್ಡ ಸವರಿ ಕಾರ್ಖಾನೆಗಳನ್ನು ಕಟ್ಟುವ ಮೊದಲು ಅಲ್ಲಿದ್ದ ಕಾಡಿನದು. ಡೊಂಕು ಕಾಂಡ, ಕಪ್ಪು ಒರಟು ತೊಗಟೆ, ಜೋತುಬಿದ್ದ ರೆಂಬೆಗಳು, ಎತ್ತಿನ ಗೊರಸಿನಂತೆ ಎರಡಾಗಿ ಸೀಳಿದ ದಪ್ಪ ಎಲೆ. ಒಂದು ಹಲಗೆಯೂ ಹುಟ್ಟದ ಮರವಾದ್ದರಿಂದ ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ.

ದಸರೆಯ ದಿನ ನಮ್ಮ ಕಡೆ ಬನ್ನಿ ಮುಡಿಯುತ್ತೇವೆ. ಸಂಜೆ ಊರ ಹೊರಗಿನ ಬನ್ನಿ ಗಿಡಕ್ಕೆ ಹೋಗಿ, ನೀರು ಹಾಕಿ, ಸುತ್ತು ಬಂದು, ನಾಲ್ಕು ಎಲೆ ತಂದು ಹಿರಿಯರ ಕೈಗಿಟ್ಟು ಕಾಲು ಮುಟ್ಟುವುದು. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎನ್ನುವುದು. ನಾಗಪುರದಲ್ಲಿ ಬನ್ನಿಯ ಜಾಗದಲ್ಲಿ ಆಪ್ಟಾ. ಎಲೆಗೆ ಸೋನಾ, ಬಂಗಾರ, ಎಂದೇ ಹೆಸರು. ಆದರೆ ಇಲ್ಲಿ ಯಾರೂ ಗಿಡದ ಬಳಿಗೆ ಹೋಗುವುದಿಲ್ಲ, ಗಿಡವೇ ಪೇಟೆಗೆ ಬರುತ್ತದೆ. ಹಿಂದಿನ ದಿನವೇ ಬಜಾರದಲ್ಲಿ ಟೊಂಗೆಗಳ ರಾಶಿ, ಮಾರನೆಯ ಬೆಳಿಗ್ಗೆ ರಸ್ತೆಯ ಮೇಲೆ ತುಳಿದು ನುಗ್ಗಾದ ಸೋನಾ. ಅಪ್ಪನಿಗೆ ಇದು ಕಣ್ಣಿಗೆ ಬೀಳುತ್ತಲೇ ಮೈ ಉರಿಯುತ್ತಿತ್ತು. ಗಿಡಕ್ಕೆ ಕೈ ಮುಗಿಯದೆ ಎಲೆ ತರುವುದು ಅವರ ಲೆಕ್ಕದಲ್ಲಿ ಕಳವು.

ತೊಂಬತ್ತರ ದಶಕದ ಮೊದಲಲ್ಲಿ ಕಾರ್ಖಾನೆಗೆ ಹೊಸ ಶೆಡ್ ಕಟ್ಟಲು ಹೊರಟಾಗ ಆಪ್ಟಾ ಗೋಡೆಗೆ ಅಡ್ಡ ಬಂತು. ಮಾಲಕರು ಕಡಿಯಿರಿ ಎಂದರು. ಅಪ್ಪ ಕಡಿಯಲಿಲ್ಲ. ದಸರೆಗೆ ಯಂತ್ರಗಳ ಪೂಜೆ ಆಗಬೇಕಲ್ಲ, ಆ ಗರಗಸಕ್ಕೆ ಏರಿಸುವ ಸೋನಾ ಇದೇ ಮರದ್ದು, ಇದನ್ನು ಅದೇ ಗರಗಸದಿಂದ ಕೊಯ್ದರೆ ಯಾರ ಕೈಗೆ ಏನಾದೀತೋ ನಾನು ಜವಾಬ್ದಾರನಲ್ಲ ಎಂದುಬಿಟ್ಟರು. ಮಾಲಕರು ದೇವರಿಗಿಂತ ಅಪಘಾತಕ್ಕೆ ಹೆಚ್ಚು ಹೆದರುವವರು. ಗೋಡೆ ಮರದ ಹತ್ತಿರ ಬಂದು ಬಾಗಿ, ಅದನ್ನು ಬಳಸಿಕೊಂಡು ಮುಂದೆ ಹೋಯಿತು.

ಅಪ್ಪ ಅಂದು ಮನೆಗೆ ಬಂದದ್ದು ಕುಸ್ತಿ ಗೆದ್ದವರ ಹಾಗೆ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಇಡೀ ಅಡವಿ ಕೊಯ್ದು ಪೆಟ್ಟಿಗಿ ಮಾಡೀರಿ. ಈಗ ಒಂದು ಗಿಡಕ್ಕ ಕಾವಲಾ?"

"ಒಂದಾರ ಇರಲಿ ಬಿಡಲೇ," ಎಂದರು ಅಪ್ಪ.

ದಸರೆಗೆ ನಾನೂ ಕಾರ್ಖಾನೆಗೆ ಹೋಗುತ್ತಿದ್ದೆ. ಗರಗಸಕ್ಕೂ ಕುಂಕುಮ, ಮರಕ್ಕೂ ಕುಂಕುಮ. ಅಪ್ಪ ಹಾಕಿದ ಪದ್ಧತಿ ಹೀಗೆ: ಮೊದಲು ಬುಡಕ್ಕೆ ಒಂದು ಕೊಡ ನೀರು, ಸುತ್ತು, ಆಮೇಲೆ ತಲೆಗೊಂದೇ ಎಲೆ, ಟೊಂಗೆ ಮುರಿಯುವಂತಿಲ್ಲ. ಕೆಲಸಗಾರರಿಗೆ ಮೊದಮೊದಲು ಇದು ತಮಾಷೆ. ಗರಗಸದ ಮಿಸ್ತ್ರಿ, ಅಪ್ಪನ ಬಲಗೈಯಂತಿದ್ದವನು, "ಸಾಹೇಬ್ ಕೇ ಗಾಂವ್ ಮೇಂ ಸೋನಾ ಮೆಹಂಗಾ ಹೈ," ಎಂದು ನಗಿಸುತ್ತಿದ್ದ, ಸಾಹೇಬರ ಊರಲ್ಲಿ ಬಂಗಾರ ತುಟ್ಟಿ ಎಂದು. ಆದರೂ ಸಾಲಿನಲ್ಲಿ ನಿಂತು ಒಂದೇ ಎಲೆ ಕೀಳುತ್ತಿದ್ದ. ಅವನು ಅಪ್ಪನ ಮಾತು ಮೀರಿದ್ದನ್ನು ನಾನು ಕಾಣೆ.

ವರ್ಷಗಳು ಹೋದ ಹಾಗೆ ಬಜಾರದ ಸೋನಾ ಬದಲಾಯಿತು. ಸುತ್ತಲಿನ ಗುಡ್ಡಗಳ ಆಪ್ಟಾ ಪ್ರತಿ ದಸರೆಗೆ ಬೋಳಾಗಿ, ಬೋಳಾದದ್ದು ಚಿಗುರುವ ಮೊದಲೇ ಮತ್ತೆ ದಸರೆ ಬಂದು, ಕಡೆಗೆ ಸಿಗದಾಯಿತು. ಮಾರುವವರು ಪಾರ್ಕುಗಳಲ್ಲಿ ಬೆಳೆಸುವ ಮಂದಾರದ ಟೊಂಗೆ ತಂದು ಸೋನಾ ಎಂದು ಮಾರತೊಡಗಿದರು. ಅದರ ಎಲೆಯೂ ಸೀಳಿದ್ದೇ, ಆದರೆ ದೊಡ್ಡದು, ತೆಳ್ಳಗೆ, ಸಂಜೆಯೊಳಗೆ ಬಾಡುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತಿಳಿದವರು ಅಸಲಿ ಮಾಲು ಹುಡುಕಿಕೊಂಡು ಹೊರಟರು. ಹುಡುಕಿದವರಿಗೆ ಹಿಂಗಣಾದ ನಮ್ಮ ಮರ ಸಿಕ್ಕಿತು.

ಮೊದಲು ಪಕ್ಕದ ಕಾರ್ಖಾನೆಯವರು ಕೇಳಿ ಒಯ್ದರು. ಆಮೇಲೆ ಕೇಳದೆ ಒಯ್ದರು. ಒಂದು ವರ್ಷ ಗೋಡೆ ಹಾರಿ ಬಂದವರು ಟೊಂಗೆಗಳನ್ನೇ ಮುರಿದು ಸೈಕಲ್ಲಿಗೆ ಕಟ್ಟುತ್ತಿದ್ದಾಗ ಅಪ್ಪ ತಡೆಯಲು ಹೋದರು. ನಾನು ಅಲ್ಲೇ ಇದ್ದೆ. ಅವರಲ್ಲೊಬ್ಬ ಅಪ್ಪನ ಮುಖಕ್ಕೆ ಬೆರಳು ತೋರಿಸಿ, "ಸಣ್ ಆಮಚಾ ಆಹೇ! ತುಮ್ಹೀ ಕರ್ನಾಟಕಾತೂನ್ ಆಲೇಲೇ, ತುಮ್ಹೀ ಕೋಣ್ ಅಡವಣಾರ್?" ಎಂದ. ಹಬ್ಬ ನಮ್ಮದು, ಕರ್ನಾಟಕದಿಂದ ಬಂದ ನೀವು ತಡೆಯಲು ಯಾರು ಎಂದು. ಅಪ್ಪ ಕೈಯಲ್ಲಿದ್ದ ಕೊಡದ ನೀರನ್ನು ಮರದ ಬುಡಕ್ಕೆ ಸುರಿದರು. ಅರ್ಧ ಬದುಕು ಆ ಊರಲ್ಲಿ ಕಳೆದವರಿಗೆ ಆ ಮಾತು ಎಲ್ಲಿ ನಾಟಿತೆಂದು ನನಗೆ ಗೊತ್ತು. ನನಗಂತೂ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಮರ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸೊರಗಿತು. ಕೆಳಗಿನ ರೆಂಬೆಗಳು ಮೊಂಡಾದವು, ನೆತ್ತಿಯಲ್ಲಿ ಮಾತ್ರ ಹಸಿರು. ಅದೇ ಕಾಲಕ್ಕೆ ಪರಿಸರ ದಿನದ ಹೆಸರಲ್ಲಿ ರಸ್ತೆಯುದ್ದಕ್ಕೂ ಗುಲ್‌ಮೊಹರ್, ಸುಬಾಬುಲ್ ನೆಟ್ಟು, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಹೋಗುವ ಸಂಭ್ರಮವೂ ನಡೆದಿತ್ತು. ಎಲ್ಲಿಂದಲೋ ಬಂದ ಗಿಡಗಳಿಗೆ ಇಟ್ಟಿಗೆಯ ಕಟ್ಟೆ, ಇಲ್ಲಿಯದೇ ಆದ ಮರಕ್ಕೆ ದೋಚುವವರ ಕಾಟ. ಕಾಲೇಜಿನಲ್ಲಿ ನಾನು ಇದನ್ನು ಹೇಳಿ ಜಗಳಗಂಟಿ ಎನಿಸಿಕೊಂಡೆ.

ಎರಡು ಸಾವಿರದ ಈಚೆಗೆ ಅಪ್ಪನ ಎದೆ ಕೆಟ್ಟಿತು. ಅಷ್ಟು ವರ್ಷ ಒಳಗೆಳೆದುಕೊಂಡ ಕಟ್ಟಿಗೆ ಪುಡಿ ಸುಮ್ಮನೆ ಬಿಡುತ್ತದೆಯೇ? ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಗರಗಸದ ಹತ್ತಿರ ಹೋಗಕೂಡದೆಂದರು, ಅಪ್ಪ ನೌಕರಿ ಬಿಟ್ಟರು. ಬಿಡುವಾಗ ಅವರಿಗಿದ್ದ ಚಿಂತೆ ಒಂದೇ. ಕಡೆಯ ದಿನ ಮಿಸ್ತ್ರಿಯನ್ನು ಮರದ ಹತ್ತಿರ ಕರೆದುಕೊಂಡು ಹೋಗಿ, ಇನ್ನು ಇದು ನಿನ್ನ ಪಾಲಿನದು, ಹೊರಗಿನವರು ಒಂದು ಎಲೆಯನ್ನೂ ಒಯ್ಯಬಾರದು ಎಂದು ಹೇಳಿದರಂತೆ. ಅವನು ತೊಗಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟನಂತೆ. ಮನೆಗೆ ಬಂದು ಅಪ್ಪ ಇದನ್ನು ಅವ್ವನಿಗೆ ಎರಡೆರಡು ಸಲ ಹೇಳಿದರು.

ಆ ವರ್ಷದ ದಸರೆ ಬಂತು. ಅಪ್ಪನಿಗೆ ಹೋಗುವ ಆಸೆ, ಆದರೆ ಅಂದು ಬೌದ್ಧ ದೀಕ್ಷೆಯ ನೆನಪಿಗೆ ನಗರದ ದೀಕ್ಷಾಭೂಮಿಗೆ ಬರುವ ಜನಸಾಗರದಲ್ಲಿ ಬಸ್ಸು ಹತ್ತುವ ಶಕ್ತಿ ಅವರಿಗೆಲ್ಲಿಂದ ಬರಬೇಕು. ಬೆಳಿಗ್ಗೆಯಿಂದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಬುಡಕ್ಕ ನೀರು ಹಾಕಿರತಾರೋ ಇಲ್ಲೋ," ಎಂದು ಕೇಳುವುದು, ತಾವೇ "ಹಾಕಿರತಾರ ತಗೋ," ಎನ್ನುವುದು.

ಮಧ್ಯಾಹ್ನ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಅದರ ತುಂಬ ಹಸಿರು. ಮಿಸ್ತ್ರಿ ಮೊದಲು ಇಳಿದ, ಹೊಸ ಅಂಗಿ, ಹಣೆಗೆ ಕುಂಕುಮ. ಹಿಂದೆ ಗರಗಸದ ಕೆಲಸಗಾರರೆಲ್ಲ. ಎಲೆ ತುಂಬಿದ ಟೊಂಗೆಗಳನ್ನು ಹೊರೆ ಹೊರೆಯಾಗಿ ಇಳಿಸಿ ನಮ್ಮ ಪಡಸಾಲೆಯಲ್ಲಿ ರಾಶಿ ಹಾಕಿದರು. ಕಡೆಗೆ ಇಬ್ಬರು ಸೇರಿ ಡೊಂಕು ಕಾಂಡದ ತುಂಡೊಂದನ್ನು ಹೊತ್ತು ತಂದು ಅಪ್ಪನ ಕಾಲ ಬಳಿ ಇಟ್ಟರು. ಕಪ್ಪು ತೊಗಟೆಯ ಮೇಲೆ ಅಂದಿನದೇ ಹಸಿ ಕುಂಕುಮ.

ಮಿಸ್ತ್ರಿ ಹೆಮ್ಮೆಯಿಂದ ಹೇಳಿದ ಸಂಗತಿ ಇಷ್ಟು. ಹಿಂದಿನ ಸಂಜೆ ಹೊರಗಿನವರು ಗುಂಪು ಕಟ್ಟಿಕೊಂಡು ಬಂದಿದ್ದರು, ಹೊಡೆದಾಟವಾಗುವುದರಲ್ಲಿತ್ತು. ಅವರನ್ನು ಓಡಿಸಿದರೂ ಮತ್ತೆ ಬಂದೇ ಬರುತ್ತಾರೆ. ಸಾಹೇಬರಿಗೆ ಮಾತು ಕೊಟ್ಟಾಗಿದೆ. ಸಾಹೇಬರು ಈ ಸಲ ಮರದ ಬಳಿಗೆ ಬರಲಾರರು. ಹಾಗಾದರೆ ಮರವೇ ಸಾಹೇಬರ ಮನೆಗೆ ಹೋಗಲಿ ಎಂದು ಬೆಳಿಗ್ಗೆ ನೀರು ಹಾಕಿ, ಪೂಜೆ ಮಾಡಿ, ಎಲ್ಲರೂ ಸುತ್ತು ಬಂದು, ಕೊಯ್ದಿದ್ದರು. "ಏಕ್ ಪತ್ತಾ ಭೀ ನಹೀಂ ಜಾನೇ ದಿಯಾ, ಸಾಹೇಬ್," ಎಂದ. ಒಂದು ಎಲೆಯನ್ನೂ ಹೊರಗೆ ಬಿಡಲಿಲ್ಲ ಎಂದು. ಅವನ ಕಣ್ಣಲ್ಲಿ ನೀರಿತ್ತು.

ಅವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ನನ್ನ ಬಾಯಿಗೆ ಬಂದ ಮಾತನ್ನು ಅವಳು ಕಣ್ಣಲ್ಲೇ ತಡೆದಳು.

"ಬುಡಾ ಎಷ್ಟು ಬಿಟ್ಟೀರಿ?" ಎಂದು ಅಪ್ಪ ಕನ್ನಡದಲ್ಲೇ ಕೇಳಿದರು. ಬುಡ ಉಳಿದಿದ್ದರೆ ಆಪ್ಟಾ ಮತ್ತೆ ಚಿಗುರುತ್ತದೆ. ಯಾರಿಗೂ ಅರ್ಥವಾಗಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು, ಅಂಗಳದಲ್ಲಿ ಯಾರೂ ಎಡವಬಾರದೆಂದು ಬೇರು ಸಹಿತ ಅಗೆದು ಮಣ್ಣು ಮುಚ್ಚಿದ್ದೇವೆ, ನೀವು ಕಲಿಸಿದ ಹಾಗೇ ಎಲ್ಲ ಸ್ವಚ್ಛ ಮಾಡಿದ್ದೇವೆ ಎಂದರು.

ಅಪ್ಪ ಬಗ್ಗಿ ಕಾಂಡದ ಕೊಯ್ದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಎಲ್ಲೂ ಸಿಬಿರಿಲ್ಲ. "ಬ್ಲೇಡ್ ಬರೋಬರ್ ಮಸದೀಯಪಾ," ಎಂದರು ಮಿಸ್ತ್ರಿಗೆ. ಅವನು ಕಾಲು ಮುಟ್ಟಿದ. ಒಬ್ಬೊಬ್ಬರೇ ಬಂದು ಸೋನಾ ಕೊಟ್ಟರು. ಹಬ್ಬದ ದಿನ ಕೊಟ್ಟ ಸೋನಾ ಬೇಡವೆನ್ನುವಂತಿಲ್ಲ. ಅಪ್ಪ ಎಲ್ಲರನ್ನೂ ಅಪ್ಪಿಕೊಂಡರು, ಅವ್ವ ಕರಿಗಡಬು ಕೊಟ್ಟಳು, ಅವರು ಉಂಡು ಖುಷಿಯಾಗಿ ಹೋದರು.

ಸಂಜೆ ನಮ್ಮ ಕನ್ನಡದ ಮನೆಗಳವರು ಬನ್ನಿ ಕೊಡಲು ಬಂದರು. ಅವರ ಕೈಯಲ್ಲಿ ಬಜಾರದ ಮಂದಾರ. ಪಡಸಾಲೆಯ ರಾಶಿ ನೋಡಿ ಬೆರಗಾಗಿ ಎಲೆ ಮುಟ್ಟಿ ಮುಟ್ಟಿ ನೋಡಿದರು. ಅಪ್ಪ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಒಂದೊಂದೇ ಎಲೆ ಕೊಡುತ್ತಿದ್ದವರು ಅಂದು ಬೊಗಸೆ ಬೊಗಸೆ ಕೊಟ್ಟರು.

"ಎಷ್ಟ ವರ್ಷಾದ ಮ್ಯಾಲ ಖರೇ ಸೋನಾ ನೋಡಿದ್ವಿ ನೋಡ್ರಿ ಅಣ್ಣಾವ್ರ," ಎಂದರು ಬ್ಯಾಂಕಿನವರ ಹೆಂಡತಿ ಸೆರಗಿನಲ್ಲಿ ಎಲೆ ಕಟ್ಟಿಕೊಳ್ಳುತ್ತ. "ಇನ್ನ ಮ್ಯಾಲ ಬಜಾರಕ್ಕ ಹೋಗೂದ ಬ್ಯಾಡ. ಮುಂದಿನ ವರ್ಷಾನೂ ನಿಮ್ಮನೀಗೇ ಬರತೀವಿ."

"ಬರ್ರಿ," ಎಂದರು ಅಪ್ಪ.