ಹೊಸ ಸಮುದ್ರಕ್ಕೆ ಊರು ಸಾಗಿಸಿದವಳು

ಯಾಸ್ನಾ ಮಾನ್ಸಿಯಾ ಕಪ್ಪೆಚಿಪ್ಪಿನ ಕಾರ್ಖಾನೆಗೆ ಸೇರಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಆಮೇಲೆ ಮದುವೆಯಾಯಿತು, ಗಂಡ ದಕ್ಷಿಣದ ಹಡಗುಗಳಲ್ಲಿ ದುಡಿಯಲು ಹೋದ, ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನೆಲೆಯೂರಿದ. ಇಷ್ಟೆಲ್ಲ ಆದರೂ ಯಾಸ್ನಾ ಅದೇ ಬಿಳಿ ಬೂಟು ತೊಟ್ಟು, ಅದೇ ಸಾಲಿನಲ್ಲಿ ನಿಂತು ಚಿಪ್ಪು ಬಿಡಿಸುತ್ತಿದ್ದಳು. ಚಿಲಿ ದೇಶದ ಚಿಲೊಯೆ ದ್ವೀಪದ ಹೆಂಗಸರು ಇಂಥದ್ದಕ್ಕೆಲ್ಲ ಎದೆ ಒಡೆದುಕೊಂಡು ಕೂರುವವರಲ್ಲ. ದಾಲ್ಕಾವೆಯ ಕಡಲಕಾಲುವೆಗೆ ಮುಖ ಮಾಡಿದ ಹಳದಿ ಹಲಗೆಯ ಮನೆಯಲ್ಲಿ ಅವಳೂ ಅವಳ ತಾಯಿ ಎದೆಲ್ಮಿರಾಳೂ ಇಬ್ಬರೇ ಇದ್ದರು.

ಒಂದು ಚಳಿಗಾಲ ಒದ್ದೆ ನೆಲದ ಮೇಲೆ ನಿಂತೂ ನಿಂತೂ ಯಾಸ್ನಾಳ ಮೊಣಕಾಲು ಊದಿಕೊಂಡಿತು. ರಜೆ ಹಾಕಿ ಮನೆಯಲ್ಲಿ ಕೂತವಳ ಬೇಸರ ಕಳೆಯಲು ಪಕ್ಕದ ಸಾಲಿನ ಮಿರ್ತಾ ತನ್ನ ಹಳೆಯ ಕಂಪ್ಯೂಟರನ್ನು ಹೊತ್ತು ತಂದಳು. ಅದರಲ್ಲಿ ದ್ವೀಪದ ಒಂದು ಗೇಮ್ ಇತ್ತು.

"ಇದು ಇನ್ನೂ ಪೂರ್ತಿ ಆಗಿಲ್ಲ ಕಣೇ," ಅಂದಳು ಮಿರ್ತಾ. "ಮಾಡೋರು ಇನ್ನೂ ಮಾಡ್ತಾನೇ ಇದಾರೆ. ಅರ್ಧ ಬೆಂದಿದ್ದನ್ನೇ ಬಡಿಸ್ತಾರೆ, ಅದಕ್ಕೇ ಅಗ್ಗ."

"ಅರ್ಧ ಬೆಂದಿದ್ದು ತಿಂದ್ರೆ ಹೊಟ್ಟೆ ಕೆಡಲ್ವೇನೆ?"

"ಕೆಡುತ್ತೆ. ಆಗಾಗ ಚೆನ್ನಾಗೇ ಕೆಡುತ್ತೆ."

ಗೇಮಿನೊಳಗೆ ಒಂದು ನಿರ್ಜನ ದ್ವೀಪ. ಮರ ಕಡಿಯಬೇಕು, ಹಲಗೆ ಕೊಯ್ಯಬೇಕು, ಏನು ಬೇಕೋ ಕಟ್ಟಿಕೊಳ್ಳಬೇಕು. ಯಾಸ್ನಾ ತನಗೆ ಗೊತ್ತಿದ್ದನ್ನೇ ಕಟ್ಟಿದಳು. ನೀರಂಚಿನಲ್ಲಿ ಕಂಬಗಳ ಮೇಲೆ ನಿಂತ ಮನೆಗಳು, ಹಿಂದೆ ಆಲೂಗಡ್ಡೆ ಹೊಲ, ಗುಡ್ಡದ ಮೇಲೆ ಮರದ ಇಗರ್ಜಿ. ಮೊಣಕಾಲು ವಾಸಿಯಾಗಿ ಕೆಲಸಕ್ಕೆ ಮರಳಿದ ಮೇಲೂ ಸಂಜೆ ಬೂಟು ಕಳಚಿದವಳೇ ಆ ದ್ವೀಪಕ್ಕೆ ಹೋಗಿಬಿಡುತ್ತಿದ್ದಳು.

ವಸಂತದಲ್ಲಿ ಮೊದಲ ಪೆಟ್ಟು ಬಿತ್ತು. ಗೇಮ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಅವಳ ದ್ವೀಪದ ಹೆಸರಿದ್ದ ಕಡೆ ಒಂದು ಸಾಲು ಬರೆದುಕೊಂಡು ಕೂತಿತ್ತು: ಈ ಲೋಕವನ್ನು ಇನ್ನು ತೆರೆಯಲಾಗದು. ಯಾಸ್ನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಯಾರೇ ಸತ್ತಿದ್ದು?" ಆಲೂಗಡ್ಡೆ ಸುಲಿಯುತ್ತಿದ್ದ ಎದೆಲ್ಮಿರಾ ಕೇಳಿದಳು.

"ಯಾರೂ ಇಲ್ಲ ಅವ್ವಾ. ಊರು ಹೋಯ್ತು."

"ಯಾವ ಊರು?"

"ನಂದು."

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮತ್ತೆ ಆಲೂಗಡ್ಡೆ ಎತ್ತಿಕೊಂಡಳು.

ಪೆಟ್ಟು ತಿಂದವಳು ಬುದ್ಧಿ ಕಲಿತಳು. ಮತ್ತೆ ಮೊದಲಿನಿಂದ ಕಟ್ಟುತ್ತ, ಸೇವ್ ಫೈಲಿನ ನಕಲನ್ನು ಬೇರೆ ಕಡೆ ತೆಗೆದಿಡತೊಡಗಿದಳು. ಗೇಮ್ ತಾನಾಗಿ ಬದಲಾಗದಂತೆ ತಡೆದಿಟ್ಟಳು. ಹೊಸದು ಬಂದಾಗ ಯಾರ ಲೋಕ ಉಳಿಯಿತು, ಯಾರದ್ದು ಮುಳುಗಿತು ಎಂದು ನಾಲ್ಕು ಜನರನ್ನು ಕೇಳಿಯೇ ತಾನು ಕಾಲಿಡುತ್ತಿದ್ದಳು. ಆದರೂ ಒಮ್ಮೆ ಇಗರ್ಜಿಯ ಮಾಡು ಹಾರಿಹೋಗಿ, ಹಸುಗಳೆಲ್ಲ ಮರದ ತುದಿಯಲ್ಲಿ ನಿಂತು ಮೇಯುತ್ತಿದ್ದವು. ಅಷ್ಟು ಹೊತ್ತಿಗೆ ಮಿರ್ತಾಳೂ ಅದೇ ದ್ವೀಪದಲ್ಲಿ ಮನೆ ಹಾಕಿದ್ದಳು. ಪರಾಗ್ವೆಯ ಎನ್ಕಾರ್ನಸಿಯೋನ್ ಊರಿನ ಬೈಕ್ ಮೆಕ್ಯಾನಿಕ್ ಅನಿಬಾಲ್ ಕೂಡ ಎಲ್ಲಿಂದಲೋ ಬಂದು ಸೇರಿದ್ದ. ಮುಖ ಕಾಣದಿದ್ದರೂ ಕಂಪ್ಯೂಟರಿನಿಂದ ಬರುವ ಅವನ ದನಿ ಯಾಸ್ನಾಳ ಅಡುಗೆಕೋಣೆಗೆ ರೂಢಿಯಾಗಿತ್ತು. "ಅಕ್ಕಾ, ಹಾಲು ಕರೆಯೋಕೆ ಏಣಿ ತರ್ಲಾ?" ಎಂದು ಅವನು ಕೇಳಿದ ದಿನ ಯಾಸ್ನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಆಮೇಲೆ ದೊಡ್ಡ ಸುದ್ದಿ ಬಂತು. ಗೇಮ್ ಮಾಡುವವರು ಸಮುದ್ರವನ್ನೇ ಹೊಸದಾಗಿ ಮಾಡುತ್ತಾರಂತೆ. ಇಷ್ಟು ದಿನ ನೀಲಿ ನೆಲದ ಹಾಗೆ ಅಲುಗದೆ ಬಿದ್ದಿದ್ದ ನೀರಿಗೆ ಇನ್ನು ಉಬ್ಬರ ಇಳಿತ ಬರುತ್ತದಂತೆ. ಹಳೆಯ ಲೋಕ ಒಂದೂ ತೆರೆಯುವುದಿಲ್ಲವಂತೆ. ನಕಲು ಇಟ್ಟವರಿಗೂ ಅದೇ ಗತಿ.

"ಹಳೇದರಲ್ಲೇ ಇದ್ದುಬಿಡೋಣ ಅಕ್ಕಾ," ಅಂದ ಅನಿಬಾಲ್. "ಅಪ್‌ಡೇಟೇ ಬೇಡ. ಯಾರು ಬಂದು ಓಡಿಸ್ತಾರೆ?"

"ಸತ್ತ ನೀರಿನ ಪಕ್ಕ ಎಷ್ಟು ದಿನ ಅಂತ ಇರ್ತೀಯೋ?" ಎಂದಳು ಮಿರ್ತಾ.

ಯಾಸ್ನಾಗೆ ಎರಡೂ ಬೇಕಿತ್ತು. ಊಟದ ಹೊತ್ತಿಗೆ ಅವಳ ಮುಖ ನೋಡಿ ಎದೆಲ್ಮಿರಾ ವಿಷಯ ಕೆದಕಿ ಕೆದಕಿ ಕೇಳಿದಳು. ಕೇಳಿ ಮುಗಿದ ಮೇಲೆ, "ಊರು ಬಿಟ್ಟು ಹೋಗ್ಬೇಕು ಅಂತ ಯಾರೇ ಹೇಳಿದ್ದು?" ಎಂದಳು. "ಊರನ್ನೂ ಕರ್ಕೊಂಡು ಹೋಗೋದಪ್ಪ."

ಭೂಮಿ ನಡುಗಿ ಕಡಲು ಏರಿ ಬಂದ ವರ್ಷ ಎದೆಲ್ಮಿರಾ ಇನ್ನೂ ಚಿಕ್ಕ ಹುಡುಗಿ. ಕಡಲು ಹಿಂದೆ ಸರಿದು ತಳವೆಲ್ಲ ಕಂಡಾಗ ಮೀನು ಆರಿಸಲು ಇಳಿದವರು ಮರಳಿ ಬರಲಿಲ್ಲ. ಉಳಿದವರ ನೆಲ ಕುಸಿದು, ಪ್ರತಿ ಉಬ್ಬರಕ್ಕೂ ನೀರು ಒಲೆಯವರೆಗೆ ಬರುತ್ತಿತ್ತು. ಅವಳಪ್ಪ ಊರವರನ್ನು ಮಿಂಗಾ ಎಂಬ ಕೂಡುಗೆಲಸಕ್ಕೆ ಕರೆದ. ಕರೆದರೆ ಊರಿಗೆ ಊರೇ ಕೂಲಿಯಿಲ್ಲದೆ ಬರಬೇಕು, ಕರೆದವನು ಹೊಟ್ಟೆ ತುಂಬ ಉಣ್ಣಿಸಬೇಕು, ಅದು ಕಟ್ಟಳೆ. ಮನೆಯ ಬುಡಕ್ಕೆ ದಿಮ್ಮಿಗಳನ್ನು ಕೊಟ್ಟು, ಎತ್ತುಗಳನ್ನು ಹೂಡಿ, ಇಡೀ ಮನೆಯನ್ನೇ ಗುಡ್ಡಕ್ಕೆ ಎಳೆದರು.

"ಅವ್ವ ಕಿಟಕಿ ಪರದೆ ಕೂಡ ಬಿಚ್ಚಿರ್ಲಿಲ್ಲ," ಎಂದಳು ಮುದುಕಿ. "ಮನೆ ಗುಡ್ಡ ಹತ್ತುವಾಗ ಆ ಪರದೆ ಹಿಂಗೆ ಹಿಂಗೆ ಆಡೋದು. ನೀ ಕೂತಿದೀಯಲ್ಲ, ಇದೇ ಮನೆ."

ಯಾಸ್ನಾ ಈ ಕಥೆಯನ್ನು ನೂರು ಸಲ ಕೇಳಿದ್ದಳು. ಆದರೂ ಅವತ್ತು ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದಳು.

ಅವಳು ಮಿಂಗಾ ಕರೆದೇಬಿಟ್ಟಳು. ಫೈಲ್ ಬರುವುದಿಲ್ಲವಾದರೆ ಕೈಗಳಾದರೂ ಬರುತ್ತವಲ್ಲ. ಹೊಸ ದ್ವೀಪದಲ್ಲಿ ಅದೇ ಊರನ್ನು ಮತ್ತೆ ಕಟ್ಟಲು ಅವಳೂ ಮಿರ್ತಾಳೂ ಹಳೆಯ ದ್ವೀಪದ ಮೂಲೆ ಮೂಲೆಯ ಚಿತ್ರ ತೆಗೆದು ಅಡುಗೆಕೋಣೆಯ ಗೋಡೆಗೆಲ್ಲ ಅಂಟಿಸಿದರು. ಇಗರ್ಜಿ ಮಿರ್ತಾಳ ಪಾಲಿಗೆ, ದೋಣಿಗಟ್ಟೆ ಅನಿಬಾಲನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಹೆಂಗಸರು ತಮ್ಮ ತಮ್ಮ ಕಂಪ್ಯೂಟರ್ ತಬ್ಬಿಕೊಂಡು ಮಳೆಯಲ್ಲೇ ಬಂದರು. ಎದೆಲ್ಮಿರಾ ದೊಡ್ಡ ಪಾತ್ರೆಗೆ ಕಪ್ಪೆಚಿಪ್ಪು, ಹೊಗೆಯಾಡಿಸಿದ ಹಂದಿಮಾಂಸ, ಆಲೂಗಡ್ಡೆ ರೊಟ್ಟಿ ಎಲ್ಲ ಜೋಡಿಸಿ ಒಲೆಗೇರಿಸಿದಳು.

ಐದಾರು ಜನ ಸೇರಿದರೆ ಹೆಚ್ಚು ಎಂದುಕೊಂಡಿದ್ದಳು ಯಾಸ್ನಾ. ಆದರೆ ಹೊಸ ದ್ವೀಪದ ದಡದಲ್ಲಿ ಒಬ್ಬೊಬ್ಬರೇ ಮೂಡತೊಡಗಿದರು. ಅನಿಬಾಲ್ ಊರೆಲ್ಲ ಡಂಗುರ ಸಾರಿದ್ದ. ಗ್ವಾಟೆಮಾಲಾದ ಶಾಲಾಮೇಡಂ ಒಬ್ಬರು, ಮೆಕ್ಸಿಕೋದ ಅಣ್ಣತಮ್ಮಂದಿರು, ಹೆಸರೇ ಗೊತ್ತಿಲ್ಲದವರು, ಎಲ್ಲರೂ ಒಂದಲ್ಲ ಒಂದು ಅಪ್‌ಡೇಟಿಗೆ ತಮ್ಮ ಲೋಕ ಕಳೆದುಕೊಂಡವರೇ. ಕೊಡಲಿ ಹಿಡಿದು ಸಾಲಾಗಿ ನಿಂತು, "ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳುತ್ತಿದ್ದರು. ಯಾಸ್ನಾ ಒಂದೊಂದೇ ಹೆಸರು ಓದುತ್ತ ಕೂತುಬಿಟ್ಟಳು. ಮಿರ್ತಾಳೇ ಕೆಲಸ ಹಂಚಬೇಕಾಯಿತು.

"ಹೊಯ್! ಎಳೀರೋ! ಜಗ್ಗಿ ಎಳೀರಿ!" ಎದೆಲ್ಮಿರಾ ಸೌಟು ಹಿಡಿದೇ ಕೂಗಿದಳು.

"ದೊಡ್ಡಮ್ಮಾ, ನಾವೇನು ಎತ್ತುಗಳಾ?" ಅಂದ ಅನಿಬಾಲ್.

"ಎತ್ತಾಗಿದ್ರೆ ಇಷ್ಟೊತ್ತಿಗೆ ಮುಗ್ಸಿರ್ತಿದ್ರಿ!"

ಮನೆಗಳು ಎದ್ದವು. ಇಗರ್ಜಿಗೆ ಮಾಡು ಕೂತಿತು. ಆಗ ನೀರು ಹಿಂದೆ ಸರಿಯತೊಡಗಿತು. ಮನೆಗಳ ಕಂಬಗಳು ಬುಡದವರೆಗೂ ಬರಿದಾದವು, ದೋಣಿಗಳು ಮಗ್ಗುಲಾಗಿ ಒರಗಿದವು, ಎಂದೂ ಕಾಣದ ತಳ ಪಾಚಿ ಕಲ್ಲುಗಳ ಸಮೇತ ಮಿರಮಿರನೆ ಹೊಳೆಯುತ್ತ ದೂರದವರೆಗೂ ತೆರೆದುಕೊಂಡಿತು. ಹಲಗೆ ಹೊತ್ತವರು ಹೊತ್ತಂತೆಯೇ ನಿಂತರು. ಕೆಲವರು ನೋಡಲೆಂದು ತಳಕ್ಕೇ ಇಳಿದರು.

ಎದೆಲ್ಮಿರಾಳ ಕೈಯಿಂದ ಸೌಟು ಜಾರಿತು.

"ಗುಡ್ಡ ಹತ್ತಿ!" ಎಂದು ಕಿರುಚಿದಳು. "ಬಿಟ್ಟು ಬನ್ರೋ, ಎಲ್ಲಾ ಬಿಟ್ಟು ಬನ್ನಿ, ಗುಡ್ಡ ಹತ್ರೋ!"

ಅಡುಗೆಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಆ ಕೂಗು ಮೈಕಿನ ಮೂಲಕ ದೂರದೂರದ ಕಿವಿಗಳನ್ನು ಮುಟ್ಟಿತು. ಮೊದಲು ಅನಿಬಾಲ್ ಹಲಗೆ ಎಸೆದು ಓಡಿದ. ಅವನ ಹಿಂದೆ ಮೇಡಂ, ಅಣ್ಣತಮ್ಮಂದಿರು, ಗುರುತಿಲ್ಲದ ಅಷ್ಟೂ ಮಂದಿ ಬಿದ್ದೆನೋ ಎದ್ದೆನೋ ಎಂದು ಗುಡ್ಡ ಹತ್ತಿದರು. ಪುಟ್ಟ ಪುಟ್ಟ ಆಕೃತಿಗಳೆಲ್ಲ ಇಗರ್ಜಿಯ ಮುಂದೆ ಒತ್ತೊತ್ತಾಗಿ ನಿಂತು ಕಡಲ ಕಡೆ ತಿರುಗಿದವು.

ಕಡಲು ಬಂತು. ಅವಸರವಿಲ್ಲದೆ ಬಂತು. ಒಂದೊಂದೇ ಗುಳಿ ತುಂಬಿಕೊಂಡು, ಮಲಗಿದ್ದ ದೋಣಿಗಳನ್ನು ಮಗುವನ್ನು ಎಬ್ಬಿಸುವ ಹಾಗೆ ಎಬ್ಬಿಸಿ, ಕಂಬಗಳನ್ನು ಏರಿತು. ಮನೆಯ ನೆಲಕ್ಕೆ ಇನ್ನೊಂದು ಗೇಣು ಇದೆ ಅನ್ನುವಾಗ ನಿಂತುಬಿಟ್ಟಿತು. ಮೋಡದ ಬೆಳಕು ಅದರ ಮೇಲೆ ಅಲ್ಲಾಡುತ್ತಿತ್ತು.

"ನಿಂತ್ಕೊಂತು," ಎಂದಳು ಎದೆಲ್ಮಿರಾ ಮೆಲ್ಲಗೆ. "ನೋಡೇ ಯಾಸ್ನಾ, ನಿಂತೇಬಿಡ್ತು."

ಮುದುಕಿ ಕುರ್ಚಿ ಎಳೆದು ಕೂತಳು. ಇನ್ನೊಂದು ಸಲ ನೀರು ಇಳಿದು ಏರುವವರೆಗೂ ಕಣ್ಣು ಕೀಳಲಿಲ್ಲ. ಕಡಲ ಪಕ್ಕದಲ್ಲೇ ಬದುಕು ಸವೆಸಿದ್ದರೂ ಕಡಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ ತಾಯಿ ಹೀಗೆ ಬಾಯಿ ತೆರೆದು ನೀರು ನೋಡುವುದನ್ನು ಯಾಸ್ನಾ ಮೊದಲ ಸಲ ಕಂಡಳು. ಅವಳಿಗೆ ಯಾವುದನ್ನು ನೋಡಬೇಕೋ ತಿಳಿಯಲಿಲ್ಲ, ಸಮುದ್ರವನ್ನೋ, ಅವ್ವನ ಮುಖವನ್ನೋ.

ಅನಿಬಾಲನ ದೋಣಿಗಟ್ಟೆ ಮಾತ್ರ ಪೂರ್ತಿ ಮುಳುಗಿತ್ತು. ಅವನು ಹಳೆಯ ಅಳತೆಯಲ್ಲೇ ಕಟ್ಟಿದ್ದ. "ಮೀನಿಗೆ ಅಂತ ಕಟ್ಟಿದೆ," ಎಂದು ಅವನು ಮೊಂಡುವಾದ ಮಾಡುತ್ತಿರುವಾಗ ಹೆಂಗಸರು ನಗುತ್ತ ಊಟಕ್ಕೆ ಕೂತರು.

ಯಾಸ್ನಾ ಇಂದಿಗೂ ಚಿಪ್ಪು ಬಿಡಿಸುತ್ತಾಳೆ. ಗೇಮ್ ಇಂದಿಗೂ ಪೂರ್ತಿಯಾಗಿಲ್ಲ, ಅದು ಮುರಿಯುವುದೂ ನಿಂತಿಲ್ಲ. ಈಗ ಯಾರ ಲೋಕ ಮುಳುಗಿದರೂ ಅವಳಿಗೆ ಕರೆ ಬರುತ್ತದೆ. ಕಳೆದ ತಿಂಗಳು ಗ್ವಾಟೆಮಾಲಾದ ಮೇಡಂ ಕರೆದಿದ್ದರು. ದಡದ ತುಂಬ ಜನ ಸೇರಿದ್ದರು. ಯಾಸ್ನಾ ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಎದೆಲ್ಮಿರಾ ಕೋಟು ತೊಟ್ಟು, ಉಣ್ಣೆ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಪಕ್ಕದಲ್ಲಿ ಬಂದು ಕೂತಳು. ಇನ್ನೊಬ್ಬರ ಮನೆ ಸಾಗಿಸಲು ಹೋಗುವಾಗ ಮನೆಯುಡುಪಿನಲ್ಲಿ ಹೋಗಬಾರದಂತೆ.