ಕೊಳಕೂರ ದಾಟಿದ ಬಸ್ಸು

ಮೂರು ಡ್ಯೂಟಿ ಒಂದರ ಹಿಂದೊಂದು ಹೊಡೆಯುವ ಡ್ರೈವರ್ ನಮ್ಮ ಡಿಪೋದಲ್ಲಿ ನಾನೊಬ್ಬನೇ. ರಜೆ ಬೇಡಿದವರ ಬಸ್ಸನ್ನೂ ನಾನೇ ಓಡಿಸುತ್ತಿದ್ದೆ. ಹಾಗೇ ಒಂದು ಮಧ್ಯಾಹ್ನ ಜೇವರ್ಗಿ ಕಡೆ ಹೊರಟಿದ್ದೆ, ಬಸ್ಸು ತುಂಬಿತ್ತು. ಎಚ್ಚರವಾಗೇ ಇದ್ದೇನೆ ಅಂದುಕೊಂಡಿದ್ದೆ. ನೋಡಿದರೆ ಸ್ಟೇರಿಂಗ್ ಮೇಲೆ ನನ್ನವಲ್ಲದ ಎರಡು ಕೈ. ಕಂಡಕ್ಟರ್ ಶರಣಪ್ಪ ನನ್ನ ಮೇಲೆ ಬಾಗಿ ನಿಂತಿದ್ದ.

"ಸಾವಕಾಶ ಬ್ರೇಕ್ ಹಾಕು ತಮ್ಮಾ," ಅಂದ.

ನಿಲ್ಲಿಸಿದೆ. "ಕೊಳಕೂರ ಬಂತೇನಣ್ಣಾ?"

"ದಾಟಿ ಅರ್ಧ ಮೈಲಿ ಆತು. ಒದರಿದ್ರ ನಿದ್ದಿಗಣ್ಣಾಗ ಬೆಚ್ಚಿ ಬಸ್ಸು ತಗ್ಗಿಗೆ ಇಳಸ್ತಿ ಅಂತ ಮಂದೀಗೆ ಬಾಯಿ ಮುಚ್ಕೊಂಡು ಕೂಡ್ರಿ ಅಂದೇನಿ."

ತಿರುಗಿ ನೋಡಿದೆ. ತಾಯಂದಿರು ಕೂಸುಗಳ ಬಾಯಿಗೂ ಕೈ ಒತ್ತಿಕೊಂಡು ಕೂತಿದ್ದರು. ಎಂಜಿನ್ ಆರಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದರೂ ನಮ್ಮಪ್ಪ, ಅಜ್ಜನನ್ನೆಲ್ಲ ಬೈಯುವ ಕೊಳಕೂರಿನ ಮಂದಿ ಅವತ್ತು ಸುಮ್ಮನೆ ಇಳಿದು ಹಿಂದಕ್ಕೆ ನಡೆದರು.

ಮರುದಿನ ಡಿಪೋದಲ್ಲಿ ಎಲ್ಲರಿಗಿಂತ ಮೊದಲು ರಜೆ ಚೀಟಿ ಕೊಟ್ಟವನೂ ನಾನೇ.