ಬಳೆಗಾರನ ಬಾಗಿಲಿಗೆ ಅಪ್ಪ ಹೋದದ್ದು

ಅದು ಪ್ಲೇಗಿನ ಕಾಲ. ಕಮಲಾಪುರದಲ್ಲಿ ಇಲಿಗಳು ಸತ್ತು ಬೀಳತೊಡಗಿದ ಮೇಲೆ ನಿಜಾಮ ಸರಕಾರದ ಜವಾನರು ಬಂದು ಊರು ಬಿಡಿರೆಂದು ಡಂಗುರ ಸಾರಿದರು. ಊರವರೆಲ್ಲ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ನಮ್ಮಪ್ಪ ಅಲ್ಲಿದ್ದ ಕೆಲವೇ ಕ್ರೈಸ್ತ ಮನೆಗಳಿಗೆ ಬೋಧಕ. ನಾವು ಮೂವರು ಹೆಣ್ಣುಮಕ್ಕಳು, ನಾನು ಹಿರಿಯಳು.

ಒಂದು ಮಧ್ಯಾಹ್ನ ಬಿಟ್ಟುಬಂದ ಮನೆಯಿಂದ ಜೋಳ ತರಲು ಹೋದ ಅಪ್ಪ ಬರಿಗೈಯಲ್ಲಿ ಮರಳಿದ. ಕಲಬುರ್ಗಿಯಿಂದ ಬಂದು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಮುಸಲ್ಮಾನ ಬಳೆಗಾರ ಜ್ವರ ಬಂದು ಊರೊಳಗೇ ಉಳಿದುಬಿಟ್ಟಿದ್ದ.

"ಅಂವನ ಮನಿ ಒಳಗಿಂದ ದನಿ ಬಂತು," ಎಂದ ಅಪ್ಪ. " ನೀರು ಬೇಡಾಕತ್ಯಾನ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಳಗ ಹೋಗಿದ್ರೇನು?"

"ಇಲ್ಲ. ಅಂಜಿಕಿ ಆತು. ಓಡಿ ಬಂದೆ."

"ಛಲೋ ಆತು. ಕುಂದರ್ರಿ."

ಅಪ್ಪ ಕೂತ. ಬಹಳ ಹೊತ್ತು ಕೂತೇ ಇದ್ದ. ಆಮೇಲೆ ಎದ್ದು ತಂಬಿಗೆಯಲ್ಲಿ ನೀರು ತುಂಬಿಕೊಂಡ. ಅವ್ವ ಹೋಗಿ ದಾರಿಗೆ ಅಡ್ಡ ನಿಂತಳು.

"ಈ ಹುಡುಗ್ಯಾರನ್ನ ನೋಡ್ರಿ. ಅಂವನ್ನ ದೇವರು ನೋಡ್ಕೋತಾನ."

"ಹಂಗ ಅಂದ್ಕೊಂಡೇ ಓಡಿ ಬಂದೀನಿ," ಎಂದ ಅಪ್ಪ.

ಅವ್ವ ಸರಿದಳು. "ಹೋದ್ರ ಈ ಗುಡಿಸಲಿಗೆ ಬರಬ್ಯಾಡ್ರಿ. ನಾ ಒಳಗ ಬಿಡಾಂಗಿಲ್ಲ."

ಅಪ್ಪ ಹೋದವನು ಬಳೆಗಾರನ ಮನೆಯಲ್ಲೇ ಉಳಿದ. ದಿನಾ ಸಂಜೆ ಅವ್ವ ಊರ ಅಗಸಿ ಬಾಗಿಲ ಬಳಿ ಕಲ್ಲಿನ ಮೇಲೆ ರೊಟ್ಟಿಯ ಗಂಟು ಇಟ್ಟು ದೂರ ನಿಲ್ಲುತ್ತಿದ್ದಳು. ಅಪ್ಪ ಬಂದು ತೆಗೆದುಕೊಂಡು ಹೋಗುತ್ತಿದ್ದ. ಅವ್ವ ನಮ್ಮನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡಿಸುವಾಗ, ದೇವರ ಚಿತ್ತದಂತೆ ಆಗಲಿ ಎನ್ನುವಲ್ಲಿಗೆ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ನಾವು ಮಕ್ಕಳಷ್ಟೇ ಮುಗಿಸುತ್ತಿದ್ದೆವು.

ಒಂದು ಸಂಜೆ ಅಪ್ಪ ಬರಲಿಲ್ಲ. ಮರುದಿನ ಹೋದಾಗ ಗಂಟನ್ನು ಇರುವೆಗಳು ಮುತ್ತಿದ್ದವು. ಊರೊಳಗೆ ಓಡಹೋದ ನನ್ನನ್ನು ಅವ್ವ ಸೆರಗಿನಿಂದ ಸುತ್ತಿ ಹಿಡಿದಿಟ್ಟಳು.

ಬಿಸಿಲೇರಿದ ಮೇಲೆ ಅಪ್ಪ ಕಬರಸ್ತಾನದ ಕಡೆಯಿಂದ ಬಂದ. ಮೈತುಂಬ ಮಣ್ಣು. ಬಳೆಗಾರ ತೀರಿಕೊಂಡಿದ್ದ. ಪಕ್ಕದ ಹೊಲದಲ್ಲಿದ್ದ ಮುಲ್ಲಾನನ್ನು ಕರೆತಂದು, ಇಬ್ಬರೇ ಸೇರಿ ಹೂಳಿದ್ದರು. ಅಪ್ಪ ಹುಣಸೆಮರದ ಕೆಳಗೆ ಬೇರೆಯಾಗಿಯೇ ಉಳಿದ. ದಿನಗಳು ಕಳೆದರೂ ಜ್ವರ ಬರಲಿಲ್ಲ. ಅವನ ಹಣೆ ಮುಟ್ಟಿ ನೋಡಿ ಗುಡಿಸಲಿಗೆ ಕರೆದವಳು ಅವ್ವನೇ.

ಪ್ಲೇಗು ಇಳಿದ ಮೇಲೆ ಅಪ್ಪ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಕಲಬುರ್ಗಿಗೆ ಹೋದ. ಬಳೆಗಾರನ ತಾಯಿ ದರ್ಗಾದ ಹತ್ತಿರದ ಗಲ್ಲಿಯಲ್ಲಿದ್ದಳು.

"ಭಾಳ ತಕಲೀಫ್ ಆತೇನಪ್ಪಾ ನನ್ನ ಮಗಗ?" ಎಂದು ಕೇಳಿದಳು.

ಇಲ್ಲ ಎನ್ನುತ್ತಾನೆಂದು ನಾನು ಕಾದೆ.

"ಭಾಳ ಆತಮ್ಮ. ನಿಮ್ಮನ್ನ ಕರ್ಯಾಕತ್ತಿದ್ದ. ನಾ ಕೈ ಹಿಡಕೊಂಡಿದ್ದೆ."

ಮುದುಕಿ ಅಪ್ಪನ ಆ ಎರಡೂ ಕೈಗಳನ್ನು ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಅಪ್ಪನೂ ಅತ್ತ.

ಮರಳುವಾಗ ದಾರಿಯಲ್ಲಿ ಕೇಳಿದೆ: "ಅಪ್ಪಾ, ಇಷ್ಟು ಬೇಡಿಕೊಂಡ್ರೂ ಯೇಸು ಅಂವನ್ನ ಯಾಕ ಉಳಸಲಿಲ್ಲ?"

"ಗೊತ್ತಿಲ್ಲವ್ವ. ನಾನೂ ಕೇಳೀನಿ. ಉತ್ತರ ಬರಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ: "ಆದ್ರ ಆ ಮನ್ಯಾಗ ಬರೇ ನಾವಿಬ್ಬರೇ ಇದ್ದೀವಿ ಅಂತ ನನಗ ಒಂದು ದಿನಾನೂ ಅನಸಲಿಲ್ಲ."